ರೀಫೈನಾನ್ಸ್ ಕಾಗದದಲ್ಲಿ ಖಾಲಿ ಜಾಗ ಕಂಡರೆ ಪೆನ್ನು ಕೆಳಗಿಡಿ

ಅಮೆರಿಕದಲ್ಲಿ ನಮ್ಮ ಮನೆ ಸಾಲ ರೀಫೈನಾನ್ಸ್ ಮಾಡಿಸಿದಾಗ, ಅಂದರೆ ಹಳೆಯ ಸಾಲ ತೀರಿಸಿ ಹೊಸ ಸಾಲ ತೆಗೆದುಕೊಂಡಾಗ, ನೋಟರಿ ಸಂಜೆ ಮನೆಗೇ ಬಂದರು. ಮೇಜಿನ ತುಂಬ ಕಾಗದ. ಒಂದು ಹಾಳೆಯಲ್ಲಿ ಎರಡು ತಾರೀಕಿನ ಜಾಗ ಖಾಲಿ ಇತ್ತು. ಕೇಳಿದೆ. "ಆಫೀಸಿನವರು ತುಂಬಿಕೊಳ್ಳುತ್ತಾರೆ, ನೀವು ಸಹಿ ಹಾಕಿ" ಅಂದರು. ನಾನೂ ಹಾಕಿದೆ, ನನ್ನ ಹೆಂಡತಿಯೂ ಹಾಕಿದಳು.

ಅದು ಸಾಲ ರದ್ದು ಮಾಡುವ ಹಕ್ಕಿನ ನೋಟಿಸ್. ಆಮೇಲೆ ಬಂದ ಪ್ರತಿಯಲ್ಲಿ, ನಾವು ಸಹಿ ಹಾಕಿದ್ದಕ್ಕಿಂತ ಎರಡು ದಿನ ಹಿಂದಿನ ತಾರೀಕು ಬರೆದಿದ್ದರು. ಅಂದರೆ ರದ್ದು ಮಾಡಲು ನಮಗಿದ್ದ ಮೂರು ದಿನದಲ್ಲಿ ಎರಡು ದಿನ ಕಾಗದದ ಮೇಲೆ ಮಾಯ. ಅವತ್ತು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಸಹಿಗೆ ಮೊದಲೇ ಶುರುವಾಗಬೇಕು. ಸಾಲದ ಅಂತಿಮ ಲೆಕ್ಕ, ಷರತ್ತು ಇರುವ ಕ್ಲೋಸಿಂಗ್ ಡಿಸ್‌ಕ್ಲೋಶರ್ ಅನ್ನುವ ಐದು ಪುಟದ ಕಾಗದ ಕನಿಷ್ಠ 3 ಕೆಲಸದ ದಿನ ಮುಂಚೆ ನಿಮ್ಮ ಕೈ ಸೇರಬೇಕು. 2015ರ ಅಕ್ಟೋಬರ್‌ನಿಂದ ಇರುವ ನಿಯಮ ಇದು. ಮೊದಲು ಕೊಟ್ಟಿದ್ದ ಅಂದಾಜು ಲೆಕ್ಕದ ಕಾಗದ, ಅಂದರೆ ಲೋನ್ ಎಸ್ಟಿಮೇಟ್, ಪಕ್ಕ ಇಟ್ಟು ಬಡ್ಡಿ, ತಿಂಗಳ ಕಂತು, ಸಾಲ ಬೇಗ ತೀರಿಸಿದರೆ ಹಾಕುವ ದಂಡ (ಪ್ರೀಪೇಮೆಂಟ್ ಪೆನಾಲ್ಟಿ) ನೋಡಿ. ಉಳಿದ ಕಾಗದಗಳನ್ನೂ ಹಿಂದಿನ ದಿನವೇ ಇಮೇಲ್ ಮಾಡಿ ಅಂತ ಕೇಳಿ. ಖಾಲಿ ಜಾಗ ಹುಡುಕಲು ಅವಸರವಿಲ್ಲದ ಸಮಯ ಬೇಕು ಅಲ್ವಾ?

ಎಲ್ಲ ಖಾಲಿ ಜಾಗವೂ ತಪ್ಪಲ್ಲ. ನೋಂದಣಿ ಕಚೇರಿಯ ನಂಬರಿಗೆ ಬಿಟ್ಟ ಜಾಗ, ಲೆಂಡರ್ ಅಂದರೆ ಸಾಲ ಕೊಡುವವರ ಸಹಿಯ ಜಾಗ ಹಾಗೇ ಇರಲಿ. ಆದರೆ ಮೊತ್ತ, ಬಡ್ಡಿ, ತಾರೀಕು, ನಿಮ್ಮ ಆದಾಯ ಖಾಲಿ ಇದ್ದರೆ ಅಲ್ಲೇ ತುಂಬಿಸಿ, ಆಮೇಲೆ ಸಹಿ ಹಾಕಿ. ನಿಮಗೆ ಅನ್ವಯಿಸದ ಜಾಗಕ್ಕೆ ಏನು ಮಾಡಬೇಕು ಅಂತ ಲೆಂಡರ್‌ಗೆ ಫೋನ್ ಮಾಡಿ ಕೇಳಿ. ಗೆರೆ ಎಳೆದು ಇನಿಷಿಯಲ್ (ಹೆಸರಿನ ಮೊದಲ ಅಕ್ಷರಗಳು) ಹಾಕಿ ಅನ್ನಬಹುದು. ಅಡಮಾನ ಪತ್ರದ ಮೇಲೆ ಮಾತ್ರ ಕೇಳದೆ ಏನೂ ಬರೆಯಬೇಡಿ.

ಎರಡು ಹಾಳೆಗಳ ಬಗ್ಗೆ ಜಾಸ್ತಿ ಎಚ್ಚರ ಬೇಕು. ಒಂದು, ಟ್ಯಾಕ್ಸ್ ದಾಖಲೆ ತರಿಸಿಕೊಳ್ಳುವ 4506-ಸಿ ಫಾರಂ. ಅನ್ವಯಿಸುವ ಸಾಲುಗಳೆಲ್ಲ ತುಂಬುವ ತನಕ ಸಹಿ ಹಾಕಬೇಡಿ ಅಂತ ಆ ಫಾರಂನಲ್ಲೇ ಅಚ್ಚಾಗಿದೆ. ಇನ್ನೊಂದು, "ನಾವು ಸಾಲ ರದ್ದು ಮಾಡಿಲ್ಲ" ಅನ್ನುವ ಹಾಳೆ. ತಾರೀಕು ಖಾಲಿ ಬಿಟ್ಟು ಅದಕ್ಕೂ ಅವತ್ತೇ ಸಹಿ ಕೇಳುವವರಿದ್ದಾರೆ. ಮೂರು ದಿನ ಕಳೆಯದೆ ಆ ಮಾತು ನಿಜ ಹೇಗಾಗುತ್ತದೆ? ಆ ದಿನ ಅದಕ್ಕೆ ಸಹಿ ಬೇಡ.

"ಇವತ್ತೇ ಮುಗಿಸದಿದ್ದರೆ ರೇಟ್ ಲಾಕ್ ಹೋಗುತ್ತದೆ" ಅಂದರೆ ಹೆದರಬೇಡಿ. ರೇಟ್ ಲಾಕ್ ಅಂದರೆ ಇಷ್ಟು ದಿನ ಇದೇ ಬಡ್ಡಿ ದರ ಅಂತ ಲೆಂಡರ್ ಕೊಟ್ಟ ಮಾತು. ಲಾಕ್ ಯಾವತ್ತಿಗೆ ಮುಗಿಯುತ್ತದೆ, ಮುಂದುವರಿಸಲು ಎಷ್ಟಾಗುತ್ತದೆ, ಅದನ್ನು ಯಾರು ಕೊಡುತ್ತಾರೆ ಅಂತ ಬರಹದಲ್ಲಿ ಕೇಳಿ. ಕಾಗದ ಅರೆಬರೆ ಮಾಡಿ ತಂದವರು ಅವರು, ನೀವಲ್ಲ. ಸಹಿಯಾದ ಪ್ರತಿ ಹಾಳೆಯ ಫೋಟೊ ತೆಗೆದುಕೊಂಡು, ಆಮೇಲೆ ನೋಟರಿಯನ್ನು ಕಳಿಸಿಕೊಡಿ.

ಈಗಾಗಲೇ ಸಹಿ ಹಾಕಿಬಿಟ್ಟಿದ್ದೀರಾ? ನೀವು ವಾಸವಿರುವ ಮನೆಯ ಸಾಲವನ್ನು ಹೊಸ ಲೆಂಡರ್‌ಗೆ ಬದಲಾಯಿಸಿದ್ದರೆ ಸಾಮಾನ್ಯವಾಗಿ ಮೂರನೇ ಕೆಲಸದ ದಿನದ ಮಧ್ಯರಾತ್ರಿವರೆಗೆ ರದ್ದು ಮಾಡಬಹುದು. ಶನಿವಾರ ಲೆಕ್ಕಕ್ಕಿದೆ. ಭಾನುವಾರ, ಫೆಡರಲ್ ರಜೆ ಲೆಕ್ಕಕ್ಕಿಲ್ಲ. ಗುರುವಾರ ಸಹಿ ಹಾಕಿದರೆ ಸೋಮವಾರ ರಾತ್ರಿವರೆಗೆ ಸಮಯ. ಹಳೆಯ ಲೆಂಡರ್ ಬಳಿಯೇ ಮಾಡಿಸಿದ್ದರೆ ಹೊಸದಾಗಿ ಪಡೆದ ಹಣಕ್ಕಷ್ಟೇ ಈ ಹಕ್ಕು. ಫೋನಿನಲ್ಲಿ ಹೇಳಿದರೆ ಸಾಲದು, ಬರೆದು ಕಳಿಸಬೇಕು. ಅಂಚೆಗೆ ಹಾಕಿದ ಗಳಿಗೆಯೇ ಲೆಕ್ಕ, ರಸೀದಿ ಇಟ್ಟುಕೊಳ್ಳಿ.

ನಮ್ಮ ಬಳಿ ನೋಟರಿ ಬಂದಿದ್ದ ದಿನದ ಇಮೇಲ್ ಇತ್ತು. ಅದನ್ನು ಲಗತ್ತಿಸಿ, ತಾರೀಕು ತಪ್ಪು ಅಂತ ನಾಲ್ಕೇ ಸಾಲು ಬರೆದೆ. ಸರಿಯಾದ ತಾರೀಕಿನ ಹೊಸ ನೋಟಿಸ್ ಬಂತು, ಪೂರ್ತಿ ಮೂರು ದಿನದ ಜೊತೆ. ನಾವು ಆ ಮೂರು ದಿನ ಕೂತು ಒಂದೊಂದೇ ಪುಟ ಓದಿದೆವು.