ಗುರುವಾರಕ್ಕೆ ಹತ್ತು ಪ್ರಶ್ನೆ ಕಟ್ಟುವ ಬಗೆ

ಧಾರವಾಡದ ಸಪ್ತಾಪುರದಲ್ಲಿ ಬೆಳಗಿನ ಆರೂವರೆಗೇ ಓದುವ ಕೋಣೆಗಳ ಮುಂದೆ ಚಪ್ಪಲಿಗಳ ಸಾಲು ಬಿದ್ದಿರುತ್ತದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಒಂದಲ್ಲ ಒಂದು ಪರೀಕ್ಷೆಗೆ ಓದಲು ಊರೂರುಗಳಿಂದ ಬಂದ ಮಕ್ಕಳು ಅವರು. ಅಂಥ ಒಂದು ಕೋಣೆಯ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ದಿನಕ್ಕೆ ಹತ್ತು ಸಾಮಾನ್ಯ ಜ್ಞಾನದ ಪ್ರಶ್ನೆ ಬರೆಯುವ ಕೆಲಸ ನನ್ನದು. ಬೆಳಿಗ್ಗೆ ಪ್ರಶ್ನೆ, ಸಂಜೆ ಉತ್ತರ.

ಮೊದಮೊದಲು ಕೈಗೆ ಸಿಕ್ಕಿದ್ದನ್ನೆಲ್ಲ ಬರೆಯುತ್ತಿದ್ದೆ. ಒಂದು ನದಿ, ಒಂದು ಪ್ರಶಸ್ತಿ, ಒಂದು ವಿಟಮಿನ್. ಮರುದಿನ ಕೇಳಿದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಆಯಾ ದಿನದ ವಾರವನ್ನೇ ದಾರ ಮಾಡಿಕೊಂಡು ಪ್ರಶ್ನೆಗಳನ್ನು ಪೋಣಿಸತೊಡಗಿದ ಮೇಲೆ ಅವು ನೆನಪಿನಲ್ಲಿ ಉಳಿಯುತ್ತಿವೆ. ಶಾಲೆಯಲ್ಲೋ ಊರಿನ ಗ್ರಂಥಾಲಯದಲ್ಲೋ ಇದನ್ನು ಮಾಡಬಯಸುವವರಿಗಾಗಿ ಗುರುವಾರವೊಂದನ್ನೇ ಹಿಡಿದು ವಿವರಿಸುತ್ತೇನೆ.

ಹೆಸರನ್ನು ಬಿಡಿಸಿ ನೋಡಿ

ಮೊದಲ ಹೆಜ್ಜೆ ವಾರದ ಹೆಸರು. ಗುರುವಾರ ಎಂದೊಡನೆ ಒಬ್ಬ ಗುರು ಆಕಾಶದಲ್ಲಿ ಕಾಣುತ್ತಾನೆ, ಇನ್ನೊಬ್ಬರು ನಮ್ಮ ನೆಲದಲ್ಲಿ.

ಆಕಾಶದ ಗುರು ಸೌರಮಂಡಲದ ಅತಿ ದೊಡ್ಡ ಗ್ರಹ. ಸೂರ್ಯನನ್ನು ಒಮ್ಮೆ ಸುತ್ತಲು ಅದಕ್ಕೆ ಹನ್ನೆರಡು ವರ್ಷಕ್ಕೆ ತುಸು ಕಡಿಮೆ ಸಮಯ ಬೇಕು. ಆದರೆ ತನ್ನ ಅಕ್ಷದ ಮೇಲೆ ಅದು ಹತ್ತು ಗಂಟೆಯೊಳಗೇ ಒಂದು ಸುತ್ತು ತಿರುಗಿಬಿಡುತ್ತದೆ. ಉಳಿದ ಯಾವ ಗ್ರಹಕ್ಕೂ ಆ ವೇಗವಿಲ್ಲ. ಎಲ್ಲಕ್ಕಿಂತ ದೊಡ್ಡದೇ ಎಲ್ಲಕ್ಕಿಂತ ವೇಗವಾಗಿ ತಿರುಗುತ್ತದೆ ಎಂಬ ಈ ವಿರೋಧವೇ ಒಳ್ಳೆಯ ಪ್ರಶ್ನೆ. ಗೆಲಿಲಿಯೊ ತನ್ನ ದೂರದರ್ಶಕದಲ್ಲಿ ಈ ಗ್ರಹದ ಪಕ್ಕ ಮೂರು ಸಣ್ಣ ಚುಕ್ಕಿಗಳನ್ನು ಕಂಡದ್ದು 1610ರ ಜನವರಿ 7ರ ರಾತ್ರಿ. ನಾಲ್ಕನೆಯದು ಕೆಲವು ದಿನಗಳ ನಂತರ ಕಾಣಿಸಿತು. ಅವು ಗುರುವಿನ ಉಪಗ್ರಹಗಳು. ಆ ಜನವರಿ 7 ಕೂಡ ಗುರುವಾರವೇ ಆಗಿತ್ತು. ಇಂಥದು ಸಿಕ್ಕ ದಿನ ನನಗೆ ಹಬ್ಬ.

ನೆಲದ ಗುರುಗಳಿಗಂತೂ ನಮ್ಮ ಭಾಗದಲ್ಲಿ ಬರವಿಲ್ಲ. ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಇಬ್ಬರಿಗೂ ಕಲಿಸಿದವರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಗುರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಶಿಶುನಾಳ ಷರೀಫರ ಗುರು ಕಳಸದ ಗೋವಿಂದ ಭಟ್ಟರು. ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿ: ಒಂದು ಕಡೆ ಮುಸ್ಲಿಂ ಗುರು, ಹಿಂದೂ ಶಿಷ್ಯ, ಇನ್ನೊಂದು ಕಡೆ ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ. ಎರಡೂ ಪ್ರಶ್ನೆಗಳನ್ನು ಒಂದರ ಕೆಳಗೊಂದು ಬರೆದರೆ ಸಾಕು, ಬೇರೆ ವ್ಯಾಖ್ಯಾನ ಬೇಡ. ಗದುಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಪುಟ್ಟರಾಜ ಗವಾಯಿ ಮತ್ತು ಬಸವರಾಜ ರಾಜಗುರು ಇನ್ನೊಂದು ಪ್ರಶ್ನೆಗೆ ಒದಗುತ್ತಾರೆ.

ಪುಸ್ತಕದ ಆಚೆಯದೂ ಒಂದು ಇರಲಿ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ವಾರಕ್ಕೆ ಯಾವ ಎರಡು ದಿನ ವಹಿವಾಟು ನಡೆಯುತ್ತದೆ ಎಂದು ಒಮ್ಮೆ ಬರೆದೆ. ಸೋಮವಾರ ಮತ್ತು ಗುರುವಾರ ಎಂದು ಬರೆದುಕೊಟ್ಟವಳು ಹಾವೇರಿ ಕಡೆಯ ಒಬ್ಬಳೇ ಹುಡುಗಿ. ಅಪ್ಪ ಚೀಲ ಹೇರಿಕೊಂಡು ಹೋಗುವ ದಿನ ಅವಳಿಗೆ ಬಾಯಿಪಾಠ ಮಾಡಬೇಕಾದ ವಿಷಯವಲ್ಲ. ಅಲ್ಲಿಯವರೆಗೆ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರುತ್ತಿದ್ದ ಅವಳು ಅಂದಿನಿಂದ ಚೀಟಿ ಕೊಡುವುದನ್ನು ತಪ್ಪಿಸಿಲ್ಲ.

ತಾರೀಖಿನ ವಾರವನ್ನು ಲೆಕ್ಕ ಹಾಕಿ

ಎರಡನೆಯ ಹೆಜ್ಜೆಯಲ್ಲಿ ಚರಿತ್ರೆಯ ದೊಡ್ಡ ದಿನಗಳು ಯಾವ ವಾರ ಬಂದಿದ್ದವು ಎಂದು ಹುಡುಕಬೇಕು. ಭಾರತ ಗಣರಾಜ್ಯವಾದ 1950ರ ಜನವರಿ 26, ಕನ್ನಡ ನಾಡು ಒಂದಾದ 1956ರ ನವೆಂಬರ್ 1, ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973ರ ನವೆಂಬರ್ 1, ಈ ಮೂರೂ ಗುರುವಾರಗಳೇ.

ಮೊಬೈಲ್ ತೆರೆದರೆ ಕ್ಷಣದಲ್ಲಿ ತಿಳಿಯುತ್ತದೆ, ನಿಜ. ಆದರೂ ಕೈಲೆಕ್ಕ ಕಲಿಯಿರಿ ಎಂದು ಒತ್ತಿ ಹೇಳುತ್ತೇನೆ. ಪರೀಕ್ಷೆಯ ಕೊಠಡಿಗೆ ಮೊಬೈಲ್ ಬರುವುದಿಲ್ಲ, ಮಾನಸಿಕ ಸಾಮರ್ಥ್ಯದ ವಿಭಾಗದಲ್ಲಿ ಇಂಥ ಲೆಕ್ಕ ಬರುತ್ತದೆ. ಸಾಮಾನ್ಯ ವರ್ಷವೆಂದರೆ 52 ವಾರ ಮತ್ತು ಒಂದು ದಿನ. ಹಾಗಾಗಿ ಅದೇ ತಾರೀಖಿನ ವಾರ ಮರುವರ್ಷ ಒಂದು ದಿನ ಮುಂದಕ್ಕೆ ಸರಿಯುತ್ತದೆ: ಸೋಮವಾರವಿದ್ದದ್ದು ಮಂಗಳವಾರವಾಗುತ್ತದೆ. ನಡುವೆ ಫೆಬ್ರುವರಿ 29 ಬಂದರೆ ಇನ್ನೂ ಒಂದು ದಿನ ಸರಿಯುತ್ತದೆ. 1956ರಿಂದ 1973ಕ್ಕೆ 17 ವರ್ಷ. ನಡುವೆ 1960, 1964, 1968, 1972 ಎಂಬ ನಾಲ್ಕು ಅಧಿಕ ವರ್ಷಗಳು. 1956 ಕೂಡ ಅಧಿಕ ವರ್ಷವೇ, ಆದರೆ ಅದರ ಫೆಬ್ರುವರಿ 29 ನವೆಂಬರಿಗೆ ಮೊದಲೇ ಮುಗಿದಿದೆ. ಹೆಚ್ಚಿನವರು ಎಡವುವುದು ಇಲ್ಲೇ. 17ಕ್ಕೆ 4 ಕೂಡಿಸಿದರೆ 21. ಏಳರಿಂದ ಭಾಗಿಸಿದರೆ ಶೇಷವಿಲ್ಲ. ಆದ್ದರಿಂದ ವಾರ ಬದಲಾಗಲಿಲ್ಲ.

ಕರ್ನಾಟಕ ಎಂದು ಹೆಸರಾದದ್ದು ಯಾವ ವಾರ ಎಂದು ಕೇಳಿದರೆ ಊಹೆಯೇ ಗತಿ. 1956ರ ನವೆಂಬರ್ 1 ಗುರುವಾರವಾದರೆ 1973ರ ನವೆಂಬರ್ 1 ಯಾವ ವಾರ ಎಂದು ಕೇಳಿದರೆ ಏನೂ ಗೊತ್ತಿಲ್ಲದವರೂ ಪೆನ್ನು ಹಿಡಿಯುತ್ತಾರೆ. ನಾನು ಬರೆಯುವುದು ಎರಡನೆಯದನ್ನು.

ಉತ್ತರ ಹಳತಾಗಿದೆಯೇ ನೋಡಿ

ಹಿಂದೊಮ್ಮೆ ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರಂ ಯಾವುದು ಎಂದು ಬರೆದು, ಹಳೆಯ ಗೈಡೊಂದನ್ನು ನಂಬಿ ಸಂಜೆ ಗೋರಖ್‌ಪುರ ಎಂದು ಉತ್ತರ ಬರೆದೆ. ಒಬ್ಬ ಹುಡುಗ ಎದ್ದು ನಿಂತು, "ಸರ್, ನಿನ್ನೆ ರಾತ್ರಿ ನಾನು ಆ ಪ್ಲಾಟ್‌ಫಾರಂ ಮೇಲೆ ನಡೆದು ಬಂದೆ, ಅದು ಹುಬ್ಬಳ್ಳಿಯಲ್ಲಿದೆ" ಎಂದ. ಅವನು ಹೇಳಿದ್ದೇ ಸರಿ. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ 2023ರ ಮಾರ್ಚ್ 12ರಂದು ಉದ್ಘಾಟನೆಯಾಗಿತ್ತು. ಗೋರಖ್‌ಪುರದ್ದು 1,366 ಮೀಟರ್. ಅದಕ್ಕೂ ಹಿಂದಿನ ಗೈಡುಗಳಲ್ಲಿ ಖರಗ್‌ಪುರ ಎಂದಿರುತ್ತದೆ. ಇಪ್ಪತ್ತು ಕಿಲೋಮೀಟರ್ ದೂರದ ಸಂಗತಿಯನ್ನು ಪರಿಶೀಲಿಸದೆ ಬರೆದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ‘ಅತಿ’, ‘ಮೊದಲ’, ‘ಏಕೈಕ’ ಎಂಬ ಪದ ಇರುವ ಪ್ರಶ್ನೆಯನ್ನು ಈಗ ಎರಡು ಕಡೆ ನೋಡದೆ ಹಲಗೆಗೆ ಏರಿಸುವುದಿಲ್ಲ.

ಜಿಲ್ಲೆಯ ಹೆಸರಿನಲ್ಲೂ ಇದೇ ತೊಡಕು. ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೆ ಮೊದಲಿನ ಪುಸ್ತಕಗಳಲ್ಲಿ ಶಿಶುನಾಳವೂ ಧಾರವಾಡ ಜಿಲ್ಲೆ, ರೋಣವೂ ಧಾರವಾಡ ಜಿಲ್ಲೆ. ‘ಈಗಿನ ಹಾವೇರಿ ಜಿಲ್ಲೆಯ’ ಎಂದು ಒಂದು ಪದ ಸೇರಿಸಿದರೆ ಜಗಳವಿಲ್ಲ. ಭೀಮಸೇನ ಜೋಶಿಯವರಿಗೆ ಭಾರತರತ್ನ ಘೋಷಣೆಯಾದದ್ದು 2008ರಲ್ಲಿ, ಪ್ರದಾನವಾದದ್ದು 2009ರಲ್ಲಿ. ಬರಿದೇ ‘ಯಾವ ವರ್ಷ’ ಎಂದು ಕೇಳಿದರೆ ಎರಡು ಸರಿಯುತ್ತರಗಳು ಬಂದು ಬೀಳುತ್ತವೆ.

ಜೋಡಣೆ ಮತ್ತು ಆಯ್ಕೆಗಳು

ಇದು ಸುಲಭದ ಕೆಲಸ. ಮೊದಲ ಮೂರು ಪ್ರಶ್ನೆ ಎಲ್ಲರಿಗೂ ಬರುವಂತಿರಲಿ, ಕೊನೆಯ ಎರಡು ಯೋಚಿಸಿದವರಿಗೆ ಮಾತ್ರ ಬರಲಿ. ನಾಲ್ಕು ಆಯ್ಕೆ ಕೊಡುವುದಾದರೆ ನಾಲ್ಕೂ ಒಂದೇ ಕುಲದವಾಗಿರಬೇಕು: ಸವಾಯಿ ಗಂಧರ್ವರ ಗುರುವನ್ನು ಕೇಳುವಾಗ ನಾಲ್ವರೂ ಗಾಯಕರೇ ಇರಲಿ. ನಡುವೆ ಒಬ್ಬ ಕ್ರಿಕೆಟಿಗನನ್ನು ತುರುಕಿದರೆ ಉತ್ತರವನ್ನು ನಾವೇ ಬಿಟ್ಟುಕೊಟ್ಟಂತೆ.

ಸಂಜೆಯ ಹಲಗೆ

ಉತ್ತರವನ್ನು ಒಂದೇ ಪದದಲ್ಲಿ ಬರೆದು ಕೈ ತೊಳೆದುಕೊಳ್ಳಬೇಡಿ. ಪಕ್ಕದಲ್ಲಿ ಕಾರಣದ ಒಂದು ಸಾಲು ಇರಲಿ. ಗುರುವಾರದ ಹತ್ತನೆಯ ಪ್ರಶ್ನೆಯಾಗಿ ನಾನು ಇಡುವುದು ಇದು: ಬುಧವಾರದ ಮರುದಿನ ಗುರುವಾರವೇ ಏಕೆ ಬರಬೇಕು? ಹಳಬರು ಆಕಾಶದಲ್ಲಿ ನಿಧಾನವಾಗಿ ಚಲಿಸುವುದರಿಂದ ವೇಗವಾಗಿ ಚಲಿಸುವುದರವರೆಗೆ ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ ಎಂದು ಸಾಲು ಮಾಡಿ ದಿನದ ಒಂದೊಂದು ಗಂಟೆಗೆ ಒಬ್ಬೊಬ್ಬ ಅಧಿಪತಿಯನ್ನು ಕೊಟ್ಟಿದ್ದರು. ಮೊದಲ ಗಂಟೆಯ ಅಧಿಪತಿಯ ಹೆಸರೇ ಆ ದಿನದ ಹೆಸರು. 24 ಗಂಟೆಗಳಲ್ಲಿ ಏಳರ ಮೂರು ಸುತ್ತು ಮುಗಿದು ಮೂರು ಗಂಟೆ ಉಳಿಯುತ್ತದೆ. ಬುಧ, ಚಂದ್ರ, ಶನಿ ಆ ಮೂರನ್ನು ತುಂಬುತ್ತಾರೆ. ಮರುದಿನದ ಮೊದಲ ಗಂಟೆ ಗುರುವಿನದು.

ಇದನ್ನು ಬರೆದ ಸಂಜೆ ಹಲಗೆಯ ಮುಂದಿನ ಗುಂಪು ಬೇಗ ಚದುರುವುದಿಲ್ಲ. ಬೆರಳು ಮಡಚುತ್ತಾ ಶುಕ್ರವಾರದ ಲೆಕ್ಕಕ್ಕೆ ತೊಡಗುತ್ತಾರೆ. ಅಷ್ಟರಲ್ಲಿ ನನ್ನ ನೋಟ್‌ಬುಕ್ಕಿನ ಮರುದಿನದ ಪುಟದಲ್ಲಿ ಎರಡು ಸಾಲು ಬಿದ್ದಿರುತ್ತವೆ: 1947ರ ಆಗಸ್ಟ್ 15, ಮತ್ತು ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ರಾಷ್ಟ್ರಧ್ವಜ.