ಕೊಳಕು ಪುಸ್ತಕಗಳಲ್ಲಿ ಸಿಕ್ಕ ಓದುಗರು

"ಬರೆದವರ ಚರಿತ್ರೆ ಸರಿ, ಓದಿದವರದ್ದು ಎಲ್ಲಿಂದ ತರ್ತೀರಿ?" ಹಳೇ ಕನ್ನಡ ಪುಸ್ತಕಗಳನ್ನು ಯಾರು, ಎಷ್ಟು ಜನ ಓದಿದರು ಅಂತ ನಾನು ಹುಡುಕಹೊರಟಾಗ ಹೀಗಂತ ನಕ್ಕವರೇ ಈಗ ನನ್ನ ಟಿಪ್ಪಣಿ ಪುಸ್ತಕ ಕೇಳುತ್ತಿದ್ದಾರೆ. ಕೊಡುತ್ತೇನೆ, ಆದರೆ ಪೂರ್ತಿ ಅಲ್ಲ.

1867ರ ಕಾಯ್ದೆಯಿಂದಾಗಿ ಬ್ರಿಟಿಷ್ ಸರ್ಕಾರ ಒಂದೊಂದು ಪ್ರಾಂತ್ಯದಲ್ಲೂ ಅಚ್ಚಾದ ಪುಸ್ತಕಗಳ ಪಟ್ಟಿಯನ್ನು, ಪ್ರತಿಗಳ ಸಂಖ್ಯೆ, ಬೆಲೆ ಸಮೇತ, ಮೂರು ತಿಂಗಳಿಗೊಮ್ಮೆ ಹೊರಡಿಸುತ್ತಿತ್ತು. ನಾನು ಅಲ್ಲಿಂದಲೇ ಶುರು ಮಾಡಿದೆ. ಕನ್ನಡ ಹಂಚಿಹೋಗಿತ್ತು ನೋಡಿ. ಮಂಗಳೂರು, ಬಳ್ಳಾರಿ ಮದರಾಸಿನ ಪಟ್ಟಿಯಲ್ಲಿ, ಧಾರವಾಡ, ಬೆಳಗಾವಿ ಮುಂಬಯಿಯದರಲ್ಲಿ. ಜೋಡಿಸುವಷ್ಟರಲ್ಲಿ ವರ್ಷ ದಾಟಿತು, ಝೆರಾಕ್ಸಿಗೇ ಹದಿನೈದು ಸಾವಿರದಷ್ಟು ಹೋಯಿತು. ಸಿಕ್ಕಿದ್ದೇನು? ಅಚ್ಚಾದ ಪ್ರತಿಗಳ ಲೆಕ್ಕ. ಸಾವಿರ ಪ್ರತಿ ಗೆದ್ದಲಿಗೆ ಹೋದರೂ ಪಟ್ಟಿಯಲ್ಲಿ ಅದು ಸಾವಿರವೇ. ಹಳೇ ವಾಚನಾಲಯವೊಂದರ ಎರವಲು ರಿಜಿಸ್ಟರ್ ಹುಡುಕಿಕೊಂಡು ಹೋದರೆ ಅದನ್ನು ಆಗಲೇ ರದ್ದಿಗೆ ಹಾಕಿದ್ದರು.

ಆಮೇಲೆ ನಾನೂ ರದ್ದಿ ಅಂಗಡಿಗೇ ಇಳಿದೆ. ಚೊಕ್ಕ ಪ್ರತಿಗೆ ಐನೂರು ಹೇಳುವವರು ಎಣ್ಣೆ ಹಿಡಿದದ್ದನ್ನು ಐವತ್ತಕ್ಕೆ ಕೊಡುತ್ತಾರೆ. ನನಗೆ ಬೇಕಾದದ್ದು ಅದೇ. ಹದಿನೈದಿಪ್ಪತ್ತು ಜೈಮಿನಿ ಭಾರತ ಕೂಡಿಹಾಕಿದೆ. ಹೆಚ್ಚಿನವುಗಳಲ್ಲಿ ಚಂದ್ರಹಾಸನ ಕಥೆಯ ಹಾಳೆಗಳೇ ಕಪ್ಪು, ಮಿಕ್ಕವು ಬಿಳಿ. ರಾತ್ರಿ ದೀಪದ ಬೆಳಕಲ್ಲಿ ಒಬ್ಬರು ಓದಿ ಮನೆಮಂದಿಯೆಲ್ಲ ಕೇಳಿದ ಗುರುತು ಅದಿರಬೇಕು. ಸುಮ್ನೆ ಇರಲಾರದೆ ಹರಳೆಣ್ಣೆ ದೀಪ ಹಚ್ಚಿ ನಾನೂ ಓದಿ ನೋಡಿದೆ. ದಪ್ಪ ಅಚ್ಚು ಆರಾಮಾಗಿ ಸಾಗಿತು. ಸಣ್ಣ ಅಚ್ಚಿನ ಕಾದಂಬರಿ ನಾಲ್ಕು ಪುಟಕ್ಕೇ ಕಣ್ಣಲ್ಲಿ ನೀರು ತರಿಸಿತು. ಕಾದಂಬರಿ ಹಗಲಿನ ಓದು ಅಂತ ನನ್ನ ಗುಮಾನಿ.

ನಿಜವಾದ ಗಣಿ ಅಂದರೆ ರಕ್ಷಾಪುಟದ ಒಳಬದಿ. ಯಾರದು, ಯಾರ ಮನೆಗೆ ಕೊಟ್ಟದ್ದು, ವಾಪಸ್ ಬಂತೋ ಇಲ್ಲವೋ, ಪಕ್ಕದಲ್ಲೇ ಅಗಸರ ಲೆಕ್ಕ! ಕಾದಂಬರಿಕಾರ ಗಳಗನಾಥರು ಊರೂರು ತಿರುಗಿ ಪುಸ್ತಕ ಮಾರಿದ್ದು ಕೇಳಿದ್ದೇವಲ್ಲ, ಅವರ ಪುಸ್ತಕಗಳಲ್ಲಿ ನಕ್ಷೆಯಲ್ಲಿ ಹುಡುಕಬೇಕಾದಂಥ ಹಳ್ಳಿಗಳ ಹೆಸರಿವೆ. ಈ ಬರಹವನ್ನು ಪಟ್ಟಿಯ ಬೆಲೆಗೆ ತಾಳೆ ಹಾಕಿದಾಗ ಕೆಲಸ ಕೈಗೂಡಿತು. ರೂಪಾಯಿ ಪುಸ್ತಕದಲ್ಲಿ ಮೂರು ನಾಲ್ಕು ಮನೆಗಳ ಹೆಸರು. ಒಂದಾಣೆಯದರಲ್ಲಿ ಹೆಸರೇ ಇಲ್ಲ, ಅದನ್ನು ಯಾರೂ ವಾಪಸ್ ಕೇಳುತ್ತಿರಲಿಲ್ಲ ಅಂತ ಕಾಣುತ್ತೆ. ಅಂದಮೇಲೆ ಒಂದು ಪ್ರತಿಗೆ ಇಷ್ಟು ಓದುಗರು ಅಂತ ಎಲ್ಲ ಪುಸ್ತಕಕ್ಕೂ ಒಂದೇ ಅಂದಾಜಿನಲ್ಲಿ ಗುಣಿಸುವುದು ನಡೆಯಲ್ಲ. ಬೆಲೆ ನೋಡಿ ಗುಣಿಸಬೇಕು. ಮಾಸಿದ ಶಾಯಿ ಓದುವ ನನ್ನ ಉಪಾಯ ಮಾತ್ರ ಸದ್ಯಕ್ಕೆ ಹೇಳಲ್ಲ.

ಶಾಲಾ ಪುಸ್ತಕಗಳಲ್ಲಿ ಇದು ಇನ್ನೂ ಫಲಿಸಿಲ್ಲ, ಮಕ್ಕಳು ಉಳಿಸಿದ್ದೇ ಕಡಿಮೆ. ಈ ಕೆಲಸಕ್ಕೆ ಒಟ್ಟು ಅರವತ್ತು ಸಾವಿರ ರೂಪಾಯಿ ಕೈಬಿಟ್ಟಿರಬಹುದು. ನಿಮ್ಮ ಅಟ್ಟದಲ್ಲಿ ಇಂಥ ಹಳೇ ಪುಸ್ತಕ ಇದ್ದರೆ ಹೊಸದಾಗಿ ಬೈಂಡ್ ಮಾಡಿಸಬೇಡಿ. ಬೈಂಡಿನವರು ಮೊದಲು ಕಿತ್ತೆಸೆಯುವುದು ಆ ಒಳಬದಿಯ ಹಾಳೆಯನ್ನೇ.