ಮಾಡಿದ ಕೆಲಸದ ದುಡ್ಡು ಬಂದಿಲ್ವಾ? ದಿನ ಎಣಿಸಲು ಶುರು ಮಾಡಿ

ದಾವಣಗೆರೆಯಲ್ಲಿ ಏಳುವ ಯಾವ ದೊಡ್ಡ ಕಟ್ಟಡ ನೋಡಿದರೂ ಅಷ್ಟೆ. ಸೆಂಟ್ರಿಂಗ್ ಒಬ್ಬರದು, ಟೈಲ್ಸ್ ಇನ್ನೊಬ್ಬರದು, ವೈರಿಂಗ್ ಮತ್ತೊಬ್ಬರದು. ಶನಿವಾರ ಬಂದರೆ ಆಳುಗಳಿಗೆ ಬಟವಾಡೆ ಕೊಡಲೇಬೇಕು. ಮುಖ್ಯ ಗುತ್ತಿಗೆದಾರರು ಮಾತ್ರ "ಮೇಲಿಂದ ಬಿಲ್ ಪಾಸ್ ಆಗ್ಲಿ, ಕೊಡ್ತೀನಿ" ಅನ್ನುತ್ತಾರೆ. ಎಷ್ಟು ದಿನ ಹೀಗೆ ಅನ್ನಬಹುದು ಎನ್ನುವುದಕ್ಕೆ 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯಲ್ಲಿ ಮಿತಿ ಇದೆ.

ಮೊದಲು ಉದ್ಯಮ್ ನೋಂದಣಿ, ಅಂದರೆ ಈ ಕಾಯ್ದೆಯಡಿ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲು, ಮಾಡಿಸಿ. ಆಧಾರ್, ಪ್ಯಾನ್ ಸಾಕು, ಶುಲ್ಕವಿಲ್ಲ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಮಾಡಿಸಿ. ಆಮೇಲೆ ಮಾಡಿಸಿದರೆ ಹಳೇ ಬಾಕಿಗೆ ತಕರಾರು ಬರುತ್ತದೆ.

ಎರಡನೆಯದು, ರೇಟು ಬರಹದಲ್ಲಿರಲಿ. ವರ್ಕ್ ಆರ್ಡರ್ ಕೊಡದಿದ್ದರೆ, ಚದರಡಿಗೆ ಇಷ್ಟು ಅಂತ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, "ಸರಿ" ಅನ್ನಿಸಿಕೊಳ್ಳಿ.

ಇನ್ನು ಮುಖ್ಯ ವಿಷಯ. ಕೆಲಸ ಮುಗಿದ ದಿನವೇ ಅಳತೆ ಬರೆದು, ಬಿಲ್ ಕೊಟ್ಟು, ತಾರೀಖು ಸಮೇತ ಸಹಿ ಹಾಕಿಸಿಕೊಳ್ಳಿ. ಅಲ್ಲಿಂದ 15 ದಿನದೊಳಗೆ ಅವರು ಲಿಖಿತ ಆಕ್ಷೇಪ ಕೊಡದಿದ್ದರೆ, ಕೆಲಸ ಒಪ್ಪಿದ ಹಾಗೆಯೇ ಲೆಕ್ಕ. ಆರು ತಿಂಗಳಾದ ಮೇಲೆ "ಫಿನಿಶಿಂಗ್ ಸರಿಯಿಲ್ಲ" ಅಂತ ತಗಾದೆ ತೆಗೆದರೆ ಈ ಸಹಿಯೇ ನಿಮ್ಮ ಕೈ ಹಿಡಿಯುತ್ತದೆ. ಒಪ್ಪಂದದಲ್ಲಿ 90 ದಿನ ಅಂತ ಬರೆದಿದ್ದರೂ, ಕೆಲಸ ಒಪ್ಪಿದ 45 ದಿನದೊಳಗೆ ಹಣ ಕೊಡಬೇಕು. ಏನೂ ಬರೆಯದಿದ್ದರೆ 15 ದಿನ ಮಾತ್ರ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದನ್ನು ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಆಗಲೂ ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಮುಂದಿನ ದಾರಿ ಫೆಸಿಲಿಟೇಶನ್ ಕೌನ್ಸಿಲ್, ಅಂದರೆ ಇಂಥ ಬಾಕಿ ವ್ಯಾಜ್ಯ ತೀರ್ಮಾನಿಸಲು ಈ ಕಾಯ್ದೆಯಡಿ ಇರುವ ಮಂಡಳಿ. ದೂರು ಆನ್‌ಲೈನ್‌ನಲ್ಲೇ ಕೊಡಬಹುದು. ಗೊತ್ತಾಗದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಕೌನ್ಸಿಲ್ ಆದೇಶವನ್ನು ಎದುರಿನವರು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಮೊದಲು ಆದೇಶದ ಮೊತ್ತದ ಶೇ 75ರಷ್ಟು ಹಣ ಕಟ್ಟಬೇಕು. ಒಂದು ಎಚ್ಚರಿಕೆ: ಸಾಮಾನು, ಕೂಲಿ ಎರಡೂ ಸೇರಿಸಿ ವಹಿಸಿಕೊಂಡ ಗುತ್ತಿಗೆ ಈ ಕಾಯ್ದೆಗೆ ಬರುತ್ತದೆಯೇ ಎಂಬ ಬಗ್ಗೆ ಕೋರ್ಟುಗಳ ತೀರ್ಪು ಒಂದೇ ತರ ಇಲ್ಲ. ಅಂಥ ಕೆಲಸವಾದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಚೆಕ್ ಬೌನ್ಸ್ ಆದರೆ ಬೇರೆ ಲೆಕ್ಕ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ನಿಮ್ಮಿಂದ ನೋಟಿಸ್ ಹೋಗಬೇಕು.

ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ ಗಡುವು. "ಇವತ್ತು, ನಾಳೆ" ಅಂತ ಓಡಾಡಿಸುವುದರಲ್ಲೇ ಅದು ಕಳೆದುಹೋಗುತ್ತದೆ. ಗಡುವು ಮುಗಿಯುವ ಮುಂಚೆ ಬಾಕಿ ಇದೆ ಅಂತ ಅವರು ಬರೆದು ಸಹಿ ಹಾಕಿದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಹಾಗಾಗಿ ಮುಂದಿನ ಸಲ ದುಡ್ಡು ಕೇಳಲು ಹೋಗುವಾಗ ಒಂದು ಹಾಳೆ, ಪೆನ್ನು ಜೊತೆಗಿರಲಿ.